ಊಟದ ಮೇಜಿನಿಂದ ಎದ್ದ ವಿಮಾನ

ತಪ್ಪು ಮಾಡಿದವನು ಪೇಚಿಗೆ ಸಿಕ್ಕಿಕೊಳ್ಳುವುದು ನ್ಯಾಯ. ನಾನು ಮಾತ್ರ ಎಲ್ಲವನ್ನೂ ಸರಿಯಾಗಿ ಮಾಡಿದಾಗಲೇ ಸಿಕ್ಕಿಕೊಳ್ಳುತ್ತೇನೆ. ತ್ರಿಪ್ಲಿಕೇನ್‌ನಲ್ಲಿ ನಮ್ಮ ಹೋಟೆಲು ಕೆಳಗೆ, ಮನೆ ಮೇಲೆ. ಅಪ್ಪ ಉಡುಪಿ ಕಡೆಯಿಂದ ಬಂದು ಕಟ್ಟಿದ ಹೋಟೆಲು. ನಾನು ಹುಟ್ಟಿದ್ದು ಇಲ್ಲೇ, ಕೂತದ್ದು ದುಡ್ಡು ಎಣಿಸುವ ಗಲ್ಲೆಯ ಹಿಂದೆ. ಕೂತು ಕೂತು ಹೊಟ್ಟೆ ಬಂತು. ಡಾಕ್ಟರು ಬೀಚಿನಲ್ಲಿ ದಿನಾ ಬೆಳಿಗ್ಗೆ ನಡೆಯಿರಿ ಎಂದರು. ಮೂರನೆಯ ದಿನ ಅಲ್ಲಿ ಒಬ್ಬರು ರಿಮೋಟಿನಿಂದ ಪುಟ್ಟ ವಿಮಾನ ಹಾರಿಸುತ್ತಿದ್ದರು. ನನ್ನ ನಡಿಗೆ ಅಲ್ಲಿಗೇ ನಿಂತಿತು. ಅಂಥದ್ದೊಂದನ್ನು ನಾನೂ ಮಾಡಬಲ್ಲೆ ಎಂದು ಆ ಕ್ಷಣವೇ ಗೊತ್ತಾಯಿತು. ಅದರಲ್ಲಿ ನನಗೆ ಇವತ್ತಿಗೂ ಸಂಶಯವಿಲ್ಲ.

ಖಾಲಿ ಪೆಟ್ಟಿಗೆ

ವಿಮಾನ ಬಿಡಿಬಿಡಿಯಾಗಿ ಒಂದು ಪೆಟ್ಟಿಗೆಯಲ್ಲಿ ಬರುತ್ತದೆ. ಬಾಲ್ಸಾ ಎಂಬ ಮರದ ತೆಳು ಹಲಗೆಗಳು, ಕಡ್ಡಿಗಳು, ಒಂದು ದೊಡ್ಡ ನಕ್ಷೆ. ನಕ್ಷೆಯ ಮೇಲೆ ಇಟ್ಟು ಅಂಟಿಸುತ್ತಾ ಹೋಗಬೇಕು. ಪೆಟ್ಟಿಗೆ ಬಂದ ದಿನ ನಾನು ಮೇಲೆ ಸ್ನಾನ ಮಾಡುತ್ತಿದ್ದೆ. ಕೆಳಗೆ ಅದನ್ನು ತೆಗೆದುಕೊಂಡದ್ದು ನಮ್ಮ ದೊಡ್ಡ ಮಾಣಿ.

ಮಾಣಿ ಎಂದರೆ ಹುಡುಗ, ಆದರೆ ದೊಡ್ಡ ಮಾಣಿಗೆ ವಯಸ್ಸು ಅರವತ್ತು ದಾಟಿದೆ. ಹೋಟೆಲಿನ ಭಾಷೆಯಲ್ಲಿ ಬಡಿಸುವವರು ಸಾಯುವವರೆಗೂ ಮಾಣಿಯೇ. ಅಪ್ಪನ ಕಾಲದಲ್ಲಿ ಕುಂದಾಪುರದಿಂದ ಬಂದವರು, ನನ್ನನ್ನು ಎತ್ತಿ ಆಡಿಸಿದವರು. ಹೋಟೆಲಿಗೆ ಬರುವ ಸಾಮಾನನ್ನು ಕೈಯಲ್ಲಿ ತೂಗಿ ನೋಡದೆ ಒಳಗೆ ಬಿಡುವುದಿಲ್ಲ. ಅವರು ಪೆಟ್ಟಿಗೆಯನ್ನು ಎತ್ತಿ ನೋಡಿದರು, ಅಲ್ಲಾಡಿಸಿ ನೋಡಿದರು, ಕೊರಿಯರಿನವನ ಕೈಗೇ ವಾಪಸು ಕೊಟ್ಟು ಕಳಿಸಿಬಿಟ್ಟರು.

ನಾನು ಒದ್ದೆ ತಲೆಯಲ್ಲಿ ಇಳಿದು ಬಂದಾಗ ಸಮಾಧಾನವಾಗಿ ಹೇಳಿದರು, "ಧಣಿ, ಯಾರೋ ನಿಮಗೆ ಟೋಪಿ ಹಾಕಿರ್. ಪೆಟ್ಟಿಗಿ ಖಾಲಿ ಇತ್ತ್. ನಮ್ಮ ಹಪ್ಪಳದ ಕಟ್ಟೇ ಅದ್ಕಿಂತ ಭಾರ."

ಟವೆಲು ಹೊದ್ದುಕೊಂಡೇ ಬೀದಿಯ ಕೊನೆಯವರೆಗೆ ಓಡಿ ಪೆಟ್ಟಿಗೆಯನ್ನು ಹಿಡಿದು ತಂದೆ. ಡಾಕ್ಟರು ಹೇಳಿದ ವ್ಯಾಯಾಮ ಆ ವಾರ ಅಷ್ಟೇ ಆದದ್ದು. ತೆರೆದು ತೋರಿಸಿದೆ. ಮಾಣಿ ಒಂದು ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಹೆಬ್ಬೆರಳಿನ ಗುರುತು ಹಲಗೆಯ ಮೇಲೆ ಹಾಗೇ ಉಳಿಯಿತು.

"ಇದು ಮರ ಅಲ್ದೇ ಧಣಿ," ಎಂದರು ಕನಿಕರದಿಂದ. "ರಸ್ಕ್. ಚಾ ತರುಕಾ?"

ವಂಜರಂ

ನಮ್ಮ ಮನೆಯಲ್ಲಿ ನಕ್ಷೆ ಹಿಡಿಸುವಂಥ ಸಮತಟ್ಟಾದ ಜಾಗ ಒಂದೇ, ಊಟದ ಮೇಜು. ಎರಡು ವಾರಕ್ಕೆಂದು ಕೇಳಿ ತೆಗೆದುಕೊಂಡೆ. ಆರು ತಿಂಗಳಾಯಿತು. ಹೆಂಡತಿ, ಮಗಳು, ನಾನು ಮೂವರೂ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೆವು. ಹೆಂಡತಿ ಜಗಳ ಮಾಡಲಿಲ್ಲ. ಅವಳು ಜಗಳ ಮಾಡುವುದಿಲ್ಲ, ಷರತ್ತು ಹಾಕುತ್ತಾಳೆ.

"ಕೇಳಿ ಮಾರಾಯ್ರೆ," ಎಂದಳು. "ಇದು ಹಾರಿ, ಮುರಿಯದೆ ನೆಲಕ್ಕೆ ಇಳಿದ್ರೆ ಅರ್ಧ ಮೇಜು ಖಾಯಂ ಕೊಡ್ತೇನೆ. ಮುರಿದ್ರೆ ಎಲ್ಲ ಗುಡಿಸಿ ಹೊರಗೆ ಹಾಕುವುದು. ಮತ್ತೆ ಈ ಜನ್ಮದಲ್ಲಿ ವಿಮಾನದ ಸುದ್ದಿ ಎತ್ತಬಾರದು. ಒಪ್ಪಿಗೆಯಾ?"

"ಪೂರ್ತಿ ಮೇಜು ಕೇಳಬೇಕಿತ್ತು," ಎಂದೆ.

"ಅಪ್ಪಾ, ಇದು ಪರಕ್ಕವೇ ಪರಕ್ಕಾದು," ಎಂದಳು ಮಗಳು. ಹಾರುವುದೇ ಇಲ್ಲವಂತೆ. ಕನ್ನಡದಲ್ಲಿ ಬೈದರೂ ಅವಳು ತಮಿಳಿನಲ್ಲೇ ಉತ್ತರ ಕೊಡುವುದು.

ರೆಕ್ಕೆಯ ಅಸ್ಥಿಪಂಜರ ಮೊದಲು ಮುಗಿಯಿತು. ಉದ್ದಕ್ಕೆ ಒಂದು ಬೆನ್ನೆಲುಬು, ಅದಕ್ಕೆ ಅಡ್ಡಡ್ಡ ತೆಳುವಾದ ಪಕ್ಕೆಲುಬುಗಳು. ಅಂಟು ಒಣಗಲಿ ಎಂದು ಬಾಲ್ಕನಿಯ ಬಟ್ಟೆ ಹಗ್ಗಕ್ಕೆ ತೂಗು ಹಾಕಿ ಕೆಳಗೆ ಗಲ್ಲೆಗೆ ಹೋದೆ. ಎದುರು ಮನೆಯ ಮಾಮಿಗೆ ಕಣ್ಣು ಮಂಜು. ಆದರೆ ಬಾಯಿ ಬಹಳ ಚುರುಕು.

ಮಾರನೆಯ ದಿನದಿಂದ ಮಧ್ಯಾಹ್ನದ ಊಟಕ್ಕೆ ಬರುವವರು ಎಲೆಯ ಮುಂದೆ ಕೂರುವ ಮೊದಲು ಮೂಗೆತ್ತಿ ಗಾಳಿ ಎಳೆಯುತ್ತಿದ್ದರು. ಯಾಕೆಂದು ನನಗೆ ತಿಳಿಯಲಿಲ್ಲ. ಅರವತ್ತು ವರ್ಷದ ಶುದ್ಧ ಸಸ್ಯಾಹಾರಿ ಹೋಟೆಲು ನಮ್ಮದು, ಅಡುಗೆಮನೆಗೆ ಈರುಳ್ಳಿ ಬಂದದ್ದೇ ಅಪ್ಪ ಕಣ್ಣು ಮುಚ್ಚಿದ ಮೇಲೆ. ಕೊನೆಗೆ ಇಪ್ಪತ್ತು ವರ್ಷದಿಂದ ಬರುವ ಒಬ್ಬ ಗಿರಾಕಿ ಗಲ್ಲೆಯ ಮೇಲೆ ಬಾಗಿ ನನ್ನ ಕಿವಿಯಲ್ಲಿ ಕೇಳಿದರು, "ಸಾರ್, ಮಹಡಿಯಲ್ಲಿ ಒಣಗಿಸ್ತಿರೋದು ವಂಜರಮಾ? ಎವ್ವಳವು ಪೆರಿಸು!"

ಅದು ದೊಡ್ಡ ಅಂಜಲ್ ಮೀನಲ್ಲ, ವಿಮಾನದ ರೆಕ್ಕೆ ಎಂದೆ. ಅವರು ನನ್ನ ಕೈ ಹಿಡಿದು ಮೃದುವಾಗಿ ಅದುಮಿದರು.

"ನಾನ್ ಯಾರ ಹತ್ರಾನೂ ಸೊಲ್ಲಲ್ಲ ಸಾರ್. ಆದ್ರೆ ರಾಯಪುರಂ ಮೀನು ಮಾರ್ಕೆಟ್‌ನಲ್ಲಿ ನನ್ನ ಮಚ್ಚಾನ್ ಇದಾನೆ, ಇನ್ನೂ ಫ್ರೆಶ್ ಆಗಿ ಸಿಗುತ್ತೆ."

ಇಸ್ತ್ರಿ

ಅಸ್ಥಿಪಂಜರದ ಮೇಲೆ ಬಣ್ಣದ ತೆಳು ಹಾಳೆಯೊಂದನ್ನು ಹೊದಿಸಬೇಕು. ಅದಕ್ಕೆ ಇಸ್ತ್ರಿ ಪೆಟ್ಟಿಗೆಯಿಂದ ಬಿಸಿ ಕೊಟ್ಟರೆ ಅಂಟಿಕೊಂಡು, ಸೆಟೆದು, ಮೃದಂಗದ ಚರ್ಮದಂತೆ ಬಿಗಿಯಾಗುತ್ತದೆ. ಬಿಸಿ ಹೆಚ್ಚಾದರೆ ತೂತು, ಕಡಿಮೆಯಾದರೆ ಸುಕ್ಕು. ನಾನು ಎರಡನ್ನೂ ಮಾಡಿ ಮುಗಿಸಿದೆ. ಚೆನ್ನೈನ ಸೆಕೆಯಲ್ಲಿ ಫ್ಯಾನೂ ಹಾಕುವಂತಿಲ್ಲ, ಹಾಕಿದರೆ ಹಾಳೆ ಹಾರುತ್ತದೆ. ವಿಮಾನಕ್ಕಿಂತ ಮೊದಲೇ ಅದು ಹಾರಿದ್ದನ್ನು ಮಗಳು ವಿಡಿಯೊ ಮಾಡಿಕೊಂಡಳು.

ನಮ್ಮ ಅಡುಗೆ ಭಟ್ಟರು ಏನೋ ಕೇಳಲು ಮೇಲೆ ಬಂದವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಕೈಯಿಂದ ಕಿತ್ತುಕೊಂಡು ತಲೆಕೆಳಗು ಮಾಡಿ, ಬೆರಳದ್ದಿ ನಾಲ್ಕು ಹನಿ ನೀರು ಚಿಮುಕಿಸಿದರು. ಚುಂಯ್ ಎಂದಿತು. "ಇದು ರವೆ ದೋಸೆ," ಎಂದರು. ಸ್ವಲ್ಪ ಕಾದು ಮತ್ತೆ ಚಿಮುಕಿಸಿದರು. ಹನಿಗಳು ಕುಣಿಯದೆ ಮೆಲ್ಲಗೆ ಆರಿದವು. "ಈಗ ಸೆಟ್ ದೋಸೆ. ಎಳೆಯಿರಿ ಈಗ."

ಎಳೆದೆ. ಒಂದು ಸುಕ್ಕಿಲ್ಲ. ಕೆಂಪು ರೆಕ್ಕೆ ಕನ್ನಡಿಯಂತೆ ಹೊಳೆಯಿತು. ನಾನು ಎಂದೂ ಯಾರನ್ನೂ ಸುಮ್ಮನೆ ಹೊಗಳುವವನಲ್ಲ, ಆದರೆ ಆ ರೆಕ್ಕೆಯನ್ನು ನೋಡಿ ನನ್ನನ್ನು ನಾನೇ ಹೊಗಳಿಕೊಂಡೆ.

ಆ ವಾರ ಮಾಂಬಲಂನಲ್ಲಿ ಒಂದು ಮದುವೆ. ಹೆಂಡತಿ ನನ್ನ ಬಿಳಿ ರೇಷ್ಮೆ ಪಂಚೆಗೆ ಅದೇ ಪೆಟ್ಟಿಗೆಯಲ್ಲಿ, ತಳ ಒರೆಸದೆ, ಇಸ್ತ್ರಿ ಹಾಕಿದಳು. ಮಂಟಪದಲ್ಲಿ ನಾನು ನಡೆದಲ್ಲೆಲ್ಲ ಹಿಂದಿದ್ದವರು ಎರಡು ಹೆಜ್ಜೆ ಸರಿಯುತ್ತಿದ್ದರು. ಗೌರವ ಎಂದುಕೊಂಡೆ. ಊಟಕ್ಕೆ ಕೂರುವಾಗ ವಧುವಿನ ಅಜ್ಜಿ ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳಿದರು, "ಕೂರುವ ಜಾಗಕ್ಕೆ ಕೆಂಪು ಜರಿ ಹಾಕಿಸುವುದು ಈಗ ಹೊಸ ಫ್ಯಾಷನ್ನಾ?"

ಆಯುಧ ಪೂಜೆ

ವಿಮಾನ ಮುಗಿಯಿತು. ಇನ್ನು ತೂಕದ ಸಮತೋಲ. ರೆಕ್ಕೆಯ ಅಡಿಯಲ್ಲಿ ನಕ್ಷೆ ಹೇಳಿದ ಗುರುತಿಗೆ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ಮೂಗನ್ನೂ ಬಗ್ಗಿಸಬಾರದು, ಬಾಲವನ್ನೂ ಬಗ್ಗಿಸಬಾರದು. ನನ್ನದು ಮೊದಲ ಸಲಕ್ಕೇ ತಕ್ಕಡಿಯಂತೆ ನಿಂತಿತು. ನಿಲ್ಲುತ್ತದೆಂದು ಗೊತ್ತಿತ್ತು.

ಆಯುಧ ಪೂಜೆಗೆ ರುಬ್ಬುವ ಯಂತ್ರ, ಫ್ರಿಜ್ಜು, ಕಾಫಿ ಡಬರಿಗಳ ಸಾಲಿನಲ್ಲಿ ಭಟ್ಟರು ವಿಮಾನವನ್ನೂ ಇಟ್ಟರು. ಗಂಧ, ಕುಂಕುಮ, ಹೂ. ಎಲ್ಲವನ್ನೂ ಒರೆಸಿ ಮೇಲೆ ತಂದು ಮತ್ತೆ ಬೆರಳ ಮೇಲೆ ಎತ್ತಿದೆ. ಬಾಲ ಧಪ್ಪೆಂದು ಕೆಳಗೆ ಬಿತ್ತು.

ನನ್ನ ಲೆಕ್ಕ ತಪ್ಪಾಗಿರಲು ಸಾಧ್ಯವಿರಲಿಲ್ಲ. ಆದ್ದರಿಂದ ನಕ್ಷೆ ಬರೆದವನು ದಡ್ಡ ಎಂದು ತೀರ್ಮಾನಿಸಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಹೆಂಡತಿ ಗೊಣಗಿದಳು. ಮೂಗಿನೊಳಗೆ ಎರಡು ಬೋಲ್ಟು ಅಂಟಿಸಿದೆ. ಸಾಲಲಿಲ್ಲ. ಇನ್ನೆರಡು. ಆಗ ಸರಿಹೋಯಿತು. ಒಂದು ವಾರ ಕಳೆದ ಮೇಲೆ ಮನೆಯಲ್ಲಿ ಏನೋ ವಾಸನೆ ಶುರುವಾಯಿತು. ಉಪ್ಪಿನಕಾಯಿ ಭರಣಿ ತೆರೆದು ನೋಡಿದೆವು, ಸಿಂಕು ನೋಡಿದೆವು. ಕೊನೆಗೆ ಮಗಳು ಮೂಗು ಮುಚ್ಚಿಕೊಂಡು ವಿಮಾನದ ಹೊಟ್ಟೆಯ ಮುಚ್ಚಳ ತೆಗೆದು ಟಾರ್ಚು ಬಿಟ್ಟಳು. ಬಾಲದ ತುದಿಯಲ್ಲಿ, ಪೂಜೆ ಮಾಡಿದ ದಪ್ಪ ನಿಂಬೆಹಣ್ಣೊಂದು ಕೊಳೆಯುತ್ತಾ ಕೂತಿತ್ತು.

ಭಟ್ಟರನ್ನು ಕರೆಸಿದೆ. "ಹೊಸ ಗಾಡಿಗೆ ಚಕ್ರದ ಕೆಳಗೆ ಇಡುವುದು ಕ್ರಮ," ಎಂದರು. "ಇದರ ಚಕ್ರ ನಿಂಬೆಹಣ್ಣಿಗಿಂತ ಚಿಕ್ಕದು. ಅದಕ್ಕೆ ಒಳಗಿಟ್ಟೆ."

ನಿಂಬೆಹಣ್ಣನ್ನು ತೆಗೆದು ಬಿಸಾಡಿದೆ, ನಾಲ್ಕು ಬೋಲ್ಟನ್ನೂ ಕಿತ್ತೆ. ಭಟ್ಟರು ತಮಗೆ ಸಂಬಂಧವಿಲ್ಲ ಎಂಬಂತೆ ಎರಡೂ ಕೈ ಮೇಲೆತ್ತಿದರು.

"ತೆಗೆದ್ರಲ್ಲ? ಸರಿ. ಇನ್ನು ಬಿದ್ರೆ ನನ್ನನ್ನು ಕೇಳ್ಬೇಡಿ."

ಬಯಲು

ಊರಾಚೆ ಒಂದು ಒಣಗಿದ ಕೆರೆಯ ಬಯಲಿದೆ. ಭಾನುವಾರ ಬೆಳಿಗ್ಗೆ ವಿಮಾನದ ಹುಚ್ಚಿನವರು ಅಲ್ಲಿ ಸೇರುತ್ತಾರೆ. ನಾವೂ ಹೋದೆವು. ತೀರ್ಪು ಕೊಡಲು ಹೆಂಡತಿ, ವಿಡಿಯೊ ತೆಗೆಯಲು ಮಗಳು, ಇಡ್ಲಿ ಡಬ್ಬಿ ಹೊತ್ತುಕೊಂಡು ದೊಡ್ಡ ಮಾಣಿ. ಅಲ್ಲಿನ ಹಿರಿಯರೊಬ್ಬರು, ಅಗಲ ಟೋಪಿಯವರು, ನನ್ನ ವಿಮಾನವನ್ನು ತಿರುಗಿಸಿ ನೋಡಿ ತಲೆದೂಗಿದರು. ಹಾರಿಸಿ ಅಭ್ಯಾಸವಿದೆಯೇ ಎಂದು ಕೇಳಿದರು. ಕಂಪ್ಯೂಟರಿನಲ್ಲಿ ಎರಡು ತಿಂಗಳು ಹಾರಿಸಿದ್ದೇನೆ ಎಂದೆ.

"ಮೊದಲ್ ಫ್ಲೈಟ್ ನಾನ್ ಪಣ್ಣಟ್ಟುಮಾ ಸಾರ್?" ಎಂದರು. ಮೊದಲ ಸಲ ತಾವು ಹಾರಿಸಿ ಕೊಡಲೇ ಎಂದು.

"ವೇಂಡಾಂ ಸಾರ್," ಎಂದೆ. ನನ್ನ ಮಗುವನ್ನು ಮೊದಲು ಇನ್ನೊಬ್ಬರು ಎತ್ತುವುದೇ?

ಮೋಟರು ಗುಂಯ್‌ಗುಟ್ಟಿತು. ವಿಮಾನ ಓಡಿತು, ಕುಪ್ಪಳಿಸಿತು, ಎದ್ದಿತು. ಆರು ತಿಂಗಳು ನಮ್ಮ ಊಟದ ಮೇಜಿನ ಮೇಲೆ ಬಿದ್ದುಕೊಂಡಿದ್ದದ್ದು ಈಗ ಆಕಾಶದಲ್ಲಿತ್ತು. ನನಗೆ ಕಣ್ಣಲ್ಲಿ ನೀರು ಬಂತು, ಅದನ್ನು ಹೇಳಲು ನಾಚಿಕೆಯಿಲ್ಲ. "ಅಪ್ಪಾ, ಪರಕ್ಕುದು!" ಎಂದು ಮಗಳು ಕಿರುಚಿದಳು. ಅದು ದೂರ ಹೋಗುತ್ತಿರುವವರೆಗೆ ನನ್ನ ಹಾಗೆ ಹಾರಿಸುವವರು ಆ ಬಯಲಿನಲ್ಲೇ ಇರಲಿಲ್ಲ.

ಆಮೇಲೆ ಅದನ್ನು ವಾಪಸು ತಿರುಗಿಸಿದೆ. ವಿಮಾನ ನನ್ನ ಕಡೆಗೇ ಮುಖ ಮಾಡಿ ಬಂತು. ಬಲಕ್ಕೆ ಹೋಗಲಿ ಎಂದು ರಿಮೋಟಿನ ಕಡ್ಡಿಯನ್ನು ಬಲಕ್ಕೆ ಒತ್ತಿದೆ. ಅದು ಎಡಕ್ಕೆ ಹೋಯಿತು. ಇನ್ನೂ ಬಲಕ್ಕೆ ಒತ್ತಿದೆ. ಇನ್ನೂ ಎಡಕ್ಕೆ ಹೋಯಿತು. ಎಡಕ್ಕಿದ್ದದ್ದು ತಾಳೆ ಮರಗಳ ಸಾಲು.

"ಲೆಫ್ಟ್ ಸಾರ್, ಲೆಫ್ಟ್!" ಎಂದರು ಒಬ್ಬರು. "ನಿಮ್ಮ ಲೆಫ್ಟ್ ಅಲ್ಲ, ಅದರ ಲೆಫ್ಟ್!" ಎಂದರು ಇನ್ನೊಬ್ಬರು. "ರಿವರ್ಸಾ ಯೋಚನೆ ಪಣ್ಣುಂಗ!" ಎಂದರು ಟೋಪಿಯವರು. ಇಷ್ಟು ಎಡಬಲಗಳ ನಡುವೆ ನನಗೆ ಊಟ ಮಾಡುವ ಕೈ ಯಾವುದೆಂದೂ ಮರೆತುಹೋಯಿತು. ವಿಮಾನ ತಲೆಯ ಮೇಲೆ ಕುಡಿದವನ ಹಾಗೆ ಸುತ್ತುತ್ತಿತ್ತು. ಅರ್ಧ ಮೇಜು ಹೋಯಿತು ಎಂದುಕೊಂಡೆ. ಹೆಂಡತಿ ನಗಲಿಲ್ಲ. ಅದು ಇನ್ನೂ ಹೆದರಿಕೆ ಹುಟ್ಟಿಸಿತು.

ದೊಡ್ಡ ಮಾಣಿ ಇಡ್ಲಿ ಡಬ್ಬಿಯನ್ನು ಕೆಳಗಿಟ್ಟು ನನ್ನ ಪಕ್ಕಕ್ಕೆ ಬಂದು ನಿಂತರು.

"ಹೆದ್ರಬೇಡಿ ಧಣಿ. ಹೊಸ ಮಾಣಿಗೂ ಮೊದಲ್ನೇ ದಿನ ಇದೇ ಆಪುದ್. ಅದು ಎದುರು ಊಟಕ್ಕೆ ಕೂತದ್ದ್. ಅದರ ಎಲೆ ಕಾಣಿ, ನಿಮ್ಮ ಕೈ ಕಾಂಬುದ್ ಬ್ಯಾಡ."

ಉಣ್ಣುವವನ ಎಲೆಯಲ್ಲಿ ಉಪ್ಪು ಅವನ ಎಡಕ್ಕೆ, ಪಲ್ಯ ಅವನ ಬಲಕ್ಕೆ. ಬಡಿಸುವವನು ನಿಲ್ಲುವುದು ಎದುರಿಗೆ, ಅವನಿಗೆ ಎಲ್ಲವೂ ತಿರುಗುಮುರುಗು. ಹೊಸಬರು ಪಲ್ಯದ ಜಾಗಕ್ಕೆ ಉಪ್ಪು ಹಾಕಿ ಬೈಸಿಕೊಳ್ಳುತ್ತಾರೆ. ದೊಡ್ಡ ಮಾಣಿಗೆ ನಲವತ್ತು ವರ್ಷದಲ್ಲಿ ಒಂದು ಕಾಳು ಉಪ್ಪೂ ಜಾಗ ತಪ್ಪಿಲ್ಲ. ನಾನೋ, ಹದಿನೆಂಟಕ್ಕೇ ಗಲ್ಲೆಯಲ್ಲಿ ಕೂತವನು, ಒಂದು ದಿನವೂ ಎಲೆಗೆ ಬಡಿಸಿದವನಲ್ಲ.

"ಉಪ್ಪು ಅಂದ್ರೆ ಎಡಗಡೆ ಒತ್ತಿ, ಪಲ್ಯ ಅಂದ್ರೆ ಬಲಗಡೆ. ಬೇರೆ ಎಂತದೂ ಯೋಚ್ನೆ ಮಾಡ್ಬೇಡಿ," ಎಂದು ಮಾಣಿ ಆಕಾಶವನ್ನೇ ನೋಡುತ್ತಾ ಶುರು ಮಾಡಿದರು. "ಉಪ್ಪು. ಉಪ್ಪು. ಹೋಯ್, ಸಾಕ್ ಸಾಕ್, ಊಟ ಹಾಳಾತ್! ಪಲ್ಯ ಚೂರು. ಇನ್ನೊಂಚೂರು ಪಲ್ಯ."

ವಿಮಾನ ತಾಳೆ ಮರವನ್ನು ಬಿಟ್ಟು ಬಯಲಿನ ನಡುವೆ ಬಂತು. ಗದ್ದಲ ನಿಂತಿತು. ಇಡೀ ಬಯಲಿನಲ್ಲಿ ಮಾಣಿಯ ದನಿಯೊಂದೇ. "ಉಪ್ಪು ಒಂದು ಕಾಳು. ಈಗ ಎಂತದೂ ಬ್ಯಾಡ. ಮೋಟರ್ ನಿಲ್ಸಿ. ಬರ್ಲಿ, ಬರ್ಲಿ, ಮೆಲ್ಲ ಬರ್ಲಿ."

ಚಕ್ರ ನೆಲ ಮುಟ್ಟಿತು. ವಿಮಾನ ಓಡುತ್ತಾ ಬಂದು ಇಡ್ಲಿ ಡಬ್ಬಿಯ ಹತ್ತಿರ ನಿಂತಿತು. ಒಂದು ಗೀರೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಟೋಪಿಯವರು ಮಾಣಿಯ ಮುಂದೆ ಟೋಪಿ ತೆಗೆದು, ತಾವು ಎಷ್ಟು ವರ್ಷ ಪೈಲಟ್ ಆಗಿದ್ದಿರಿ ಎಂದು ವಿಚಾರಿಸಿದರು. ಮಾಣಿ ಅವರಿಗೆ ಎರಡು ಇಡ್ಲಿ ಕೊಟ್ಟರು.

ನಾನು ಎದೆಯುಬ್ಬಿಸಿಕೊಂಡು ಹೆಂಡತಿಯ ಬಳಿಗೆ ಹೋದೆ. "ಹಾರಿತು, ಇಳಿಯಿತು, ಮುರಿಯಲಿಲ್ಲ. ಅರ್ಧ ಮೇಜು ಕೊಡು."

"ಕೊಡ್ತೇನೆ," ಎಂದಳು. "ಮಾತು ಅಂದ್ರೆ ಮಾತು," ಎಂದವಳು ನನ್ನನ್ನು ದಾಟಿ ಹೋಗಿ, ಅರ್ಧ ಮೇಜನ್ನು ದೊಡ್ಡ ಮಾಣಿಗೆ ಕೊಟ್ಟಳು.

ಈಗ ಮಾಣಿ ದಿನಾ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಮೇಲಕ್ಕೆ ಬಂದು, ಕನ್ನಡಕ ಏರಿಸಿ, ಒಂದರ ಮೇಲೊಂದು ಎರಡು ರೆಕ್ಕೆಯ ಹೊಸ ವಿಮಾನ ಕಟ್ಟುತ್ತಿದ್ದಾರೆ. ಹಲಗೆಗೆ ಮರಳು ಕಾಗದ ಉಜ್ಜುವ ಕೆಲಸ ನನ್ನದು. ಹೊಸಬ ಎಂದು ಕೊಟ್ಟಿದ್ದಾರೆ. ಉಜ್ಜುವುದರಲ್ಲಿ ಈ ಚೆನ್ನೈನಲ್ಲಿ ನನ್ನನ್ನು ಮೀರಿಸುವವರಿಲ್ಲ.