ಹಸೆಗೋಡೆಗೊಂದು ಕ್ಯಾಮೆರಾ

ನಾನು ಏನಾದರೂ ಕೊಳ್ಳಲು ಹೊರಟರೆ ಏನಾದರೊಂದು ಎಡವಟ್ಟು ಆಗದೆ ಇರುವುದೇ ಇಲ್ಲ. ಸಾಗರದಲ್ಲಿ ಹಿಟ್ಟಿನ ಗಿರಣಿ ನಡೆಸುವವಳು ನಾನು. ಮೋಟಾರು, ಕಲ್ಲು, ಬೆಲ್ಟು ಎಲ್ಲವನ್ನೂ ಯಾರನ್ನೂ ಕೇಳದೆ ಆರಿಸಿದ್ದೇನೆ. ಶಾಲೆಗೆ ಹೋಗಿದ್ದು ಎರಡೇ ವರ್ಷ. ಕನ್ನಡವಾಗಲಿ ಇಂಗ್ಲಿಷಾಗಲಿ, ಓದು ಕಲಿತಿದ್ದು ಗಿರಾಕಿಗಳು ಡಬ್ಬದ ತಳಕ್ಕೆ ಹಾಸಿ ತರುವ ಪೇಪರಿನಿಂದ. ಇಂಥವಳಿಗೆ ಅಂಗೈಯಗಲದ ಕ್ಯಾಮೆರಾ ಏನು ಮಹಾ ಅಂದುಕೊಂಡಿದ್ದೆ.

ಫೋನಿದೆಯಲ್ಲ

ಕ್ಯಾಮೆರಾ ಬೇಕಾಗಿದ್ದು ಅಕ್ಕನಿಗೆ. ಮದುವೆ ಮನೆಗಳ ಗೋಡೆಗೆ ಕೆಮ್ಮಣ್ಣು ಬಳಿದು, ಮೇಲೆ ಅಕ್ಕಿಹಿಟ್ಟಿನಲ್ಲಿ ಹಸೆ ಚಿತ್ತಾರ ಬರೆಯುವವಳು ಅವಳು. ನಲವತ್ತು ವರ್ಷ ಬರೆದಳು, ಕಾಗದದ ಮೇಲೆ ಒಂದು ಗೆರೆಯನ್ನೂ ಇಟ್ಟುಕೊಳ್ಳಲಿಲ್ಲ. ಈಗ ಬಲಗೈ ನಡುಗುತ್ತದೆ, ಹೊಸದು ಬರೆಯಲಾಗದು. ಹಳೆಯವು ಮೂರು ಮನೆಗಳ ಗೋಡೆಯಲ್ಲಿ ಮಾತ್ರ ಉಳಿದಿದ್ದವು. ಅವುಗಳ ಫೋಟೋ ಇದ್ದರೆ ಮುಂದೆ ಯಾರಾದರೂ ನೋಡಿ ಕಲಿತಾರು ಎಂಬುದೊಂದೇ ಅವಳ ಆಸೆ.

ಫೋನಿದೆಯಲ್ಲ ಎಂದರು ಎಲ್ಲರೂ. ಫೋನಿನಲ್ಲೂ ತೆಗೆದಾಗಿತ್ತು. ಅಕ್ಕನ ಸೊಸೆಯ ಫೋನಿನಲ್ಲಿ ಮೂರೂ ಗೋಡೆಗಳು ಭದ್ರವಾಗಿದ್ದವು. ಒಂದು ದಿನ ಫೋನು ಜಾಗವಿಲ್ಲ ಅಂದಿತು, ಸೊಸೆ ಗೋಡೆಗಳನ್ನು ಅಳಿಸಿದಳು. ಮುನ್ನೂರು ಗುಡ್ ಮಾರ್ನಿಂಗ್ ಹೂವುಗಳು ಮಾತ್ರ ಹಾಗೇ ಅರಳಿಕೊಂಡಿದ್ದವು. ಇವನ್ನೆಂತಕ್ಕೆ ಇಟ್ಟೆ ಮಾರಾಯ್ತಿ ಎಂದು ಕೇಳಿದೆ.

"ಅವು ನೆಂಟರು ಕಳಿಸಿದ್ದು ಚಿಕ್ಕತ್ತೆ, ಅಳಿಸಿದ್ರೆ ಬೇಜಾರು ಮಾಡ್ಕಳ್ತಾರೆ. ಗೋಡೆ ಎಲ್ಲಿಗೆ ಹೋಗ್ತದೆ?"

ಪುಸ್ತಕ ಓದಿದ್ದು

ಗೋಡೆ ಹೋಗಲು ಶುರುವಾಯಿತು. ವರದಮೂಲದ ಮನೆಯವರು ಮೊದಲನೆಯದಕ್ಕೆ ಎದೆಮಟ್ಟ ಟೈಲ್ಸ್ ಕೂರಿಸಿದರು, ಉಳಿದದ್ದಕ್ಕೆ ಪುಟ್ಟಿ ಮೆತ್ತಿದರು. ಇನ್ನು ಫೋನನ್ನು ನಂಬಬಾರದೆಂದು ನಾನು ಅವಸರದಲ್ಲಿ ಸಾಗರದ ಪೇಟೆಯಲ್ಲಿ ಅಂಗಡಿ ಅಂಗಡಿ ಹತ್ತಿಳಿದೆ. ಕಡಿಮೆ ಬೆಲೆಯ ಸಣ್ಣ ಕ್ಯಾಮೆರಾ ಎಂದರೆ ಎಲ್ಲರೂ ಫೋನು ತೋರಿಸಿದರು. ಕೊನೆಗೊಬ್ಬ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿ, ಧೂಳು ಊದಿ ಮುಂದಿಟ್ಟ.

ಓದದೆ ನಾನು ಏನನ್ನೂ ಕೊಳ್ಳುವುದಿಲ್ಲ. ಒಳಗಿದ್ದ ಪುಸ್ತಕ ಕೊಡು ಎಂದೆ. ಅದನ್ನು ಯಾರೂ ಓದುವುದಿಲ್ಲ ಎಂದ. ನಾನು ಓದುತ್ತೇನೆ ಎಂದೆ. ಹನ್ನೊಂದು ಭಾಷೆ ಇತ್ತು, ಕನ್ನಡ ಇರಲಿಲ್ಲ. ನಿಘಂಟು ಹಿಡಿದು ಮೂರು ಮಧ್ಯಾಹ್ನ ಅವನ ಸ್ಟೂಲಿನ ಮೇಲೆ ಕೂತು ಇಂಗ್ಲಿಷಿನ ಭಾಗ ಮುಗಿಸಿದೆ. ಮಳೆಯಲ್ಲಿ ಬಳಸಬಾರದು, ಮಂಜಿನಲ್ಲಿ ತೆಗೆಯಬಾರದು, ತೇವ ಇರುವಲ್ಲಿ ಇಡಲೇಬಾರದು ಎಂದಿತ್ತು.

"ಹಾಗಾದ್ರೆ ಇದನ್ನ ಸಾಗರಕ್ಕೆ ಎಂತಕ್ಕೆ ತಂದೆ?"

"ನಾನು ಓದಿರ್ಲಿಲ್ಲ ಅಮ್ಮ," ಎಂದ.

ಉಸಿರು

ಆ ಕ್ಯಾಮೆರಾ ಅಲ್ಲೇ ಬಿಟ್ಟುಬಂದೆ. ನಾನು ಓದುತ್ತಿದ್ದ ಮೂರು ದಿನದಲ್ಲಿ ಹೊಸನಗರದ ಮನೆಯವರು ಅಡುಗೆಮನೆ ದೊಡ್ಡದು ಮಾಡಲು ಎರಡನೇ ಗೋಡೆ ಕೆಡವಿದರು. ತಪ್ಪು ನನ್ನದೇ ಆದರೂ ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ. ಅಕ್ಕನನ್ನು ಕರೆದುಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಅಲ್ಲೊಬ್ಬ ಸ್ಟುಡಿಯೋದವನು ಹಳೆಯದೊಂದನ್ನು ಮಾರುತ್ತಾನೆಂದು ಕೇಳಿದ್ದೆ. ಕೈ ನಡುಗಿದರೂ ಚಿತ್ರ ನಡುಗದ ಕ್ಯಾಮೆರಾ ಅದು.

ಅಕ್ಕ ಚಿತ್ತಾರದ ಗೆರೆ ಎಳೆಯುವಾಗ ಉಸಿರು ಬಿಡುವುದಿಲ್ಲ; ಬಿಟ್ಟರೆ ಗೆರೆ ಅಲುಗುತ್ತದಂತೆ. ಕ್ಯಾಮೆರಾ ಪರೀಕ್ಷಿಸಲು ಕೊಟ್ಟಾಗಲೂ ಅದೇ ಅಭ್ಯಾಸದಲ್ಲಿ ಉಸಿರು ಕಟ್ಟಿ ಗುಂಡಿ ಒತ್ತಿದಳು. ಹಿಂದೆ ಬಳಸಿದವರು ಹತ್ತು ಸೆಕೆಂಡಿನ ಟೈಮರ್ ಹಾಕಿಟ್ಟಿದ್ದರು. ಕ್ಯಾಮೆರಾ ಬೀಪ್ ಬೀಪ್ ಎಂದು ಎಣಿಸುತ್ತ ನಿಂತಿತು, ಅಕ್ಕ ಕೆಂಪಾಗುತ್ತ ನಿಂತಳು. ಸ್ಟುಡಿಯೋದವನು ಓಡಿಹೋಗಿ ನೀರು ತಂದ. ಕುಡಿದು, ಚಿತ್ರ ನೋಡಿದಳು. ಗೆರೆ ಎಳೆದಂತೆ ನೆಟ್ಟಗೆ ಬಂದಿತ್ತು.

"ಇವರತ್ರ ಕೇಳೇ," ಎಂದಳು, "ನಡುಗದ ಯಂತ್ರ ಕೈಗೇ ಹಾಕ್ತಾರಾ ಅಂತ."

ಅದನ್ನೇ ಕೊಂಡೆವು.

ಬ್ಯಾಕೋಡಿನ ಮನೆ

ಉಳಿದದ್ದು ಬ್ಯಾಕೋಡಿನ ಒಂದೇ ಗೋಡೆ. ಅಕ್ಕನ ಅತ್ಯುತ್ತಮ ಕೆಲಸವೂ ಅದೇ. ಆ ಮನೆಯಾಕೆಗೆ ಮೊದಲೇ ಫೋನು ಮಾಡಿ, ಭಾನುವಾರ ಹಸೆಗೋಡೆಯ ಫೋಟೋ ತೆಗೆಯಲು ಬರುತ್ತೇವೆ, ದಯವಿಟ್ಟು ಅಲ್ಲಿಯವರೆಗೆ ಗೋಡೆ ಒಡೆಯಬೇಡಿ, ಟೈಲ್ಸ್ ಹಾಕಬೇಡಿ ಎಂದು ಎರಡೆರಡು ಸಲ ಹೇಳಿದೆ. ಆಕೆ ಖಂಡಿತ ಇಲ್ಲ ಎಂದರು. ಮಾತಿಗೆ ತಪ್ಪಲೂ ಇಲ್ಲ.

ಹೋದಾಗ ಮನೆಮಂದಿಯೆಲ್ಲ ರೇಷ್ಮೆ ಉಟ್ಟು ಜಗುಲಿಯಲ್ಲಿ ಕಾಯುತ್ತಿದ್ದರು. ಅಜ್ಜನಿಗೂ ಪಂಚೆ ಬದಲಿಸಿದ್ದರು. ಹಸೆಗೋಡೆಯ ಕೋಣೆಗೆ ಕಾಲಿಡುವಾಗಲೇ ಪೇಂಟಿನ ವಾಸನೆ ಬಂತು. ಗೋಡೆ ತುಂಬಾ ಎಳೆ ಹಸಿರು, ಮೂಲೆಯಲ್ಲಿ ಇನ್ನೂ ಹಸಿಯಾಗಿತ್ತು.

ಮನೆಯಾಕೆ ಸೆರಗು ಸರಿಮಾಡಿಕೊಂಡು ಹೇಳಿದರು: "ಫೋಟೋಕ್ಕೆ ಅಂದ್ರಲ್ಲ, ಹಳೇ ಗೋಡೆ ಇಟ್ಕಂಡು ನಿಲ್ಲದು ಹೆಂಗೆ ಅಂತ ನಿನ್ನೆನೇ ಎರಡು ಕೋಟ್ ಹೊಡೆಸ್ದೆ."

ಅಕ್ಕ ಗೋಡೆಯನ್ನು ಒಂದು ಗಳಿಗೆ ನೋಡಿದಳು. ಬೆರಳು ತಾಗಿಸಿದಳು, ಬೆರಳು ಹಸಿರಾಯಿತು. ಆಮೇಲೆ ಅಜ್ಜನನ್ನು ನಡುವೆ ಕೂರಿಸಿ, ಎತ್ತರದವರನ್ನು ಹಿಂದೆ ನಿಲ್ಲಿಸಿ, ಫೋಟೋ ತೆಗೆದಳು.

ಊಟ ಮಾಡದೆ ಬಿಡಲಿಲ್ಲ ಅವರು. ಹೊರಡುವಾಗ ಮನೆಯಾಕೆ ಬಾಳೆಗೊನೆಯ ಒಂದು ಚಿಪ್ಪು ಹಿಡಿದು ಬೇಲಿಬಾಗಿಲ ದಣಪೆಯವರೆಗೂ ಬಂದರು. ಅಕ್ಕನ ಕೈ ಹಿಡಿದುಕೊಂಡು, ದನಿ ತಗ್ಗಿಸಿ ಕೇಳಿದರು:

"ನೀವು ಬರೆದಿದ್ರಲ್ಲ ಅಕ್ಕ, ಆ ಹಳೇ ಚಿತ್ತಾರ, ಅದ್ರ ಫೋಟೋ ನಿಮ್ಮತ್ರ ಇರ್ತದಲ್ಲ, ನಮಗೂ ಒಂದು ಕಾಪಿ ಕೊಡಿ. ಹೊಸ ಗೋಡೆಗೆ ಫ್ರೇಮ್ ಹಾಕಿ ನೇತುಹಾಕ್ಬೇಕು ಅಂತ ಮೊಳೆ ಬೇರೆ ಹೊಡೆಸಿಟ್ಟಿದೀನಿ."