ಅಮ್ಮ ಸೆರೆಹಿಡಿದ ಡ್ರ್ಯಾಗನ್

"ಇನ್ನು ನೋಡು! ಕಾಫಿ ಆರುವುದರೊಳಗೆ ಯುದ್ಧ ಮುಗಿಸಿ, ಮೇಜು ಒರೆಸಿ ಕೊಡ್ತೇನೆ!" ಎಂದು ಮೂಡಬಿದಿರೆಯ ಜಯೇಶ್ ಹೆಂಡತಿ ಅಕ್ಷಯಾಳ ಎದುರು ಘೋಷಿಸಿದ. ಕೈಯಲ್ಲಿ ಹೊಸ ನಿಯಮಗಳ ನಾಲ್ಕೇ ಹಾಳೆ.

ಪಾಪ, ಅವನಿಗೆ ದಾಳ ಹಾಕಿ ಆಡುವ ಬೊಂಬೆಯುದ್ಧದ ಹುಚ್ಚು. ಹೆಬ್ಬೆರಳುದ್ದದ ರಾಕ್ಷಸರು, ಕುಬ್ಜರು, ಒಂದು ಕೆಂಪು ಡ್ರ್ಯಾಗನ್, ಎಲ್ಲಕ್ಕೂ ಅವನೇ ಬಣ್ಣ ಬಳಿದದ್ದು. ರಣರಂಗ ಮಾತ್ರ ಮನೆಯ ಊಟದ ಮೇಜು! ಹಳೆಯ ನಿಯಮದ ಪುಸ್ತಕವೋ, ದಿಂಬಿನ ಬದಲು ತಲೆಗಿಡಬಹುದು. ಕಳೆದ ಆದಿತ್ಯವಾರ ಅವನೂ ಬಂಟ್ವಾಳದ ಗೆಳೆಯ ಶಮೀರನೂ, ಗುಡ್ಡದ ಹಿಂದೆ ಅಡಗಿದ ಕುಬ್ಜ ಡ್ರ್ಯಾಗನ್ನಿನ ಕಣ್ಣಿಗೆ ಬೀಳುತ್ತಾನೋ ಇಲ್ಲವೋ ಎಂದು ಪುಟ ಮಗುಚುತ್ತಲೇ ಕೂತರು. ಅಷ್ಟರಲ್ಲಿ ಸೂರ್ಯನೇ ಕಾಣೆ! ಹೊತ್ತು ಮುಳುಗಿದ ಮೇಲೆ ಆ ಜೈನರ ಮನೆಯಲ್ಲಿ ಯಾರೂ ತುತ್ತು ಮುಟ್ಟುವ ಹಾಗಿಲ್ಲ. ಮೇಜು ಖಾಲಿಯಾಗಲೆಂದು ಕಾದು ಕಾದು ಅಮ್ಮ ಕಮಲಾವತಿ ಉಪವಾಸ ಮಲಗಿದರು.

"ಇನ್ನೊಮ್ಮೆ ಹೀಗಾದರೆ ನಿಮ್ಮ ಸೈನ್ಯ ಅಟ್ಟಕ್ಕೆ! ಅದರ ಮೇಲೆ ಹಪ್ಪಳದ ಡಬ್ಬ!" ಎಂದಿದ್ದಳು ಅಕ್ಷಯಾ. ಅವಳು ಹೇಳಿದರೆ ಹೇಳಿದ್ದೇ.

ಈ ಆದಿತ್ಯವಾರ ಶಮೀರನ ಫೋನು: "ಬೆಳ್ತಂಗಡಿಯಲ್ಲಿ ಮದುವೆ ಉಂಟು ಮಾರಾಯ, ಬರ್ಲಿಕ್ಕಾಗುವುದಿಲ್ಲ."

ಜಯೇಶನ ಮುಖ ಬಾಡಿತು. ಅಮ್ಮ ಕುರ್ಚಿ ಎಳೆದು ಕೂತರು. "ನಾನು ಆಡ್ತೇನೆ."

"ಅಮ್ಮಾ, ಇದೆಲ್ಲ ನಿಮಗೆ ತಲೆಗೆ ಹೋಗುವಂಥದ್ದಲ್ಲ!"

"ನಾಲ್ಕೇ ಹಾಳೆ ಅಲ್ವಾ? ಓದು. ಆದರೆ ಕೊಲ್ಲುವುದೆಲ್ಲ ಬೇಡ, ಹಿಂಸೆ. ಸೋತವರನ್ನು ಸೆರೆ ಹಿಡಿಯುವ."

ಸೆರೆಮನೆಯಾಗಿ ಸ್ಟೀಲಿನ ಪಾತ್ರೆ ಬಂತು. ಅಮ್ಮ ದಾಳ ಉರುಳಿಸಿದರು ನೋಡಿ, ರಾಕ್ಷಸರು ಟಣ್ ಟಣ್ ಎಂದು ಪಾತ್ರೆಗೆ ಬೀಳತೊಡಗಿದರು! ಹೇಳಿದಂತೆಯೇ ಕಾಫಿ ಆರುವ ಮೊದಲು ಯುದ್ಧ ಮುಗಿಯಿತು. ಗೆದ್ದದ್ದು ಅಮ್ಮ.

ಅಲ್ಲಿಗೇ ಮೇಜು ಒರೆಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಅಮ್ಮನ ಕೈಯಲ್ಲಿ ಸೋಲುವುದೇ? "ಇನ್ನೊಂದು ಆಟ!" ಎಂದ. ಸೋತ. "ಇದು ಕೊನೆಯದ್ದು!" ಎಂದ. ಮತ್ತೂ ಸೋತ!

"ಊಟ ಆಯ್ತು, ಬನ್ನಿ!" ಅಕ್ಷಯಾ ಕರೆದಳು.

"ಬಟ್ಟಲು ಇಲ್ಲಿಗೇ ಕೊಡು," ಎಂದು ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಉಣ್ಣುತ್ತಾ ಎಡಗೈಯಲ್ಲಿ ದಾಳ ಹಾಕಿದರು.

"ನಂದು ಇದೊಂದು ಮುಗಿಯಲಿ," ಎಂದ ಜಯೇಶ್. ಮುಗಿಯಿತು, ಡ್ರ್ಯಾಗನ್ ಪಾತ್ರೆಗೆ ಬಿತ್ತು. ತಲೆಯೆತ್ತಿದರೆ ಕಿಟಕಿಯಾಚೆ ಕತ್ತಲೆ! ಅಮ್ಮ ಕೈ ತೊಳೆದು ಆಗಿತ್ತು. ಹೊಟ್ಟೆ ತಾಳ ಹಾಕುತ್ತಿದ್ದದ್ದು ಅವನೊಬ್ಬನದ್ದೇ.

ಅಕ್ಷಯಾ ಏಣಿ ತಂದು ನಿಲ್ಲಿಸಿದಳು. "ಕೊಡಿ ನಿಮ್ಮ ಸೈನ್ಯ."

ಜಯೇಶ್ ಏಣಿಗೆ ಅಡ್ಡ ನಿಂತ. ಎಷ್ಟು ಪ್ರೀತಿಯಿಂದ ಬಣ್ಣ ಹಚ್ಚಿದ ಬೊಂಬೆಗಳು! ಅಮ್ಮ ಮಾತ್ರ ಪಾತ್ರೆಯನ್ನು ತಬ್ಬಿ ಹಿಡಿದರು.

"ಅವನ ಸೈನ್ಯ ಎಲ್ಲಿ ಉಂಟು ಅಕ್ಷಯಾ? ಎಲ್ಲ ನನ್ನ ಸೆರೆಯಲ್ಲಿ. ಇದೀಗ ನನ್ನದು! ನನ್ನದನ್ನು ಅಟ್ಟಕ್ಕೆ ಹಾಕ್ತೀಯಾ?"

ಅತ್ತೆಯ ಸೈನ್ಯಕ್ಕೆ ಕೈ ಹಾಕುವ ಧೈರ್ಯ ಯಾವ ಸೊಸೆಗುಂಟು? ಅವಳು ನಗುತ್ತಾ ಏಣಿ ಒಳಗಿಟ್ಟಳು. ಜಯೇಶನಿಗೆ ಹೋದ ಜೀವ ಬಂತು.

"ಹಾಗಾದರೆ ಬರುವ ವಾರವೂ ಆಟ ಉಂಟಾ ಅಮ್ಮಾ?"

"ಉಂಟು. ಆಡುವುದು ನಾನೂ ಶಮೀರನೂ."

"ಮತ್ತೆ ನಾನು?"

"ನೀನು ಕಿಟಕಿಯ ಹತ್ತಿರ ಕೂತು ಸೂರ್ಯನನ್ನು ನೋಡು. ಮುಳುಗುವ ಮೊದಲು ನಮ್ಮನ್ನು ಊಟಕ್ಕೆ ಎಬ್ಬಿಸು!"