ಕರ್ನಲ್ ಸಾಹೇಬರ ಅನುಮಾನಕ್ಕೆ ನಾನು ಹಾಕಿದ ಫಿಲ್ಟರು

ಅನುಮಾನ ಅನ್ನೋದು ನನ್ನ ಬೆನ್ನು ಹತ್ತಿದಷ್ಟು ಇನ್ಯಾರ ಬೆನ್ನನ್ನೂ ಹತ್ತಿರಲಿಕ್ಕಿಲ್ಲ. ಏರ್‌ಪೋರ್ಟಿನ ಸಾಲಿನಲ್ಲಿ ಎಷ್ಟೇ ಜನ ನಿಂತಿರಲಿ, "ಸರ್, ನೀವು ಸ್ವಲ್ಪ ಈ ಕಡೆ ಬನ್ನಿ" ಅಂತ ಕರೆಯೋದು ನನ್ನನ್ನೇ. ದೊಡ್ಡ ಮನುಷ್ಯರ ಮುಖದಲ್ಲಿ ಏನೋ ಒಂದು ರಹಸ್ಯ ಇರುತ್ತದೆ ಅನ್ನೋದು ನನ್ನ ವಿವರಣೆ. ನನ್ನ ಹೆಂಡತಿಯದು ಬೇರೆ. "ಸುಮ್ಮನ ನಿಂತ್ರ ಯಾರೂ ಕರಿಯೂದಿಲ್ರಿ. ನೀವು ಬಾಯಿ ತಗೀತೀರಿ, ಅದಕ್ಕ ಕರೀತಾರ."

ಯಾರು ಸರಿ ಅಂತ ನೀವೇ ಓದಿ ತೀರ್ಮಾನಿಸಿ.

ಸೈನ್ಯ ನಡೆಸುವ ಅಂಕಲ್

ನಾನಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಕೆಲಸ ಪಕ್ಕದೂರು ಹೇವರ್ಡಿನ ಒಂದು ಗೋಡೌನಿನಲ್ಲಿ. ದೊಡ್ಡ ಲಾರಿಗಳ ಏರ್ ಫಿಲ್ಟರು, ಫ್ಯಾನ್ ಬೆಲ್ಟು, ರಬ್ಬರ್ ಪೈಪು, ಇಂಥವನ್ನು ಹೊರದೇಶಗಳಿಗೆ ಕಳಿಸುವ ವ್ಯಾಪಾರ. ಮಾಲೀಕರು ಪಂಜಾಬಿ. ನನ್ನನ್ನು ನೋಡಿದಾಗಲೆಲ್ಲ "ಅಂಕಲ್‌ಜೀ, ಯಾವಾಗ ರಿಟೈರ್ ಆಗ್ತೀರಿ?" ಅಂತ ಪ್ರೀತಿಯಿಂದ ವಿಚಾರಿಸುತ್ತಾರೆ.

ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಕನ್ನಡದವರದೇ ಒಂದು ಪಾಟ್‌ಲಕ್ಕಿನಲ್ಲಿ ಎಲ್ಲರೂ ಪರಿಚಯ ಹೇಳಿಕೊಳ್ಳಲು ಶುರು ಮಾಡಿದರು. ಒಬ್ಬ ಕಾರಿಗೆ ಬುದ್ಧಿ ಕಲಿಸುತ್ತಾನಂತೆ, ಇನ್ನೊಬ್ಬಳು ಕಂಪ್ಯೂಟರಿಗೆ ಮಾತು ಕಲಿಸುತ್ತಾಳಂತೆ. ನನ್ನ ಸರದಿ ಬಂತು. ಏರ್ ಫಿಲ್ಟರ್ ಅನ್ನಲು ನಾಲಿಗೆ ಏಳಲಿಲ್ಲ.

"ಪಶ್ಚಿಮ ಆಫ್ರಿಕಾದಲ್ಲಿ ಒಂದು ಸೈನ್ಯ ಇದೆ. ನನ್ನನ್ನ ಕೇಳದೆ ಅದು ಒಂದು ಹೆಜ್ಜೆ ಮುಂದಿಡಲ್ಲ" ಅಂದೆ.

ಚಿತ್ರಾನ್ನದ ಚಮಚಗಳು ನಿಂತವು. ನಿಜ ಏನೆಂದರೆ, ಆ ಸೈನ್ಯಕ್ಕೆ ನಾನು ಆಗಷ್ಟೇ ಫಿಲ್ಟರು ಬೇಕಾ ಅಂತ ಒಂದು ಇಮೇಲು ಕಳಿಸಿದ್ದೆ. ಅದಕ್ಕೆ ಉತ್ತರವೂ ಬಂದಿರಲಿಲ್ಲ.

ನಮ್ಮ ಬೀದಿಯದೇ ಬೆಂಗಳೂರಿನ ಹುಡುಗನೊಬ್ಬ ನನ್ನನ್ನು ಪಕ್ಕಕ್ಕೆ ಕರೆದ. "ಅಂಕಲ್, ಈ ಮಿಸೈಲು, ಗಿಸೈಲು ಎಲ್ಲ ಗ್ಯಾರೇಜಲ್ಲೇ ಇಡ್ತೀರಾ?"

"ಗ್ಯಾರೇಜಲ್ಲಿ ಏನಿದೆ ಅಂತ ನಾನು ಹೆಂಡತಿಗೂ ಹೇಳಿಲ್ಲ ಕಣಪ್ಪ."

ಮರುದಿನದಿಂದ ಬೀದಿಯವರು ಯಾರೂ ನಮ್ಮ ಮನೆ ಮುಂದೆ ಕಾರು ನಿಲ್ಲಿಸುತ್ತಿಲ್ಲ. ಫ್ರೀಮಾಂಟಿನಲ್ಲಿ ಮನೆ ಮುಂದೆ ಪಾರ್ಕಿಂಗು ಖಾಲಿ ಸಿಗೋದು ಅಂದರೆ ಪುಣ್ಯ ಮಾಡಿರಬೇಕು. ನಾನ್ಯಾಕೆ ಹೋಗಿ ಅವರ ತಪ್ಪು ತಿದ್ದಲಿ?

ನೀವು ಇದ್ದೀರಿ ಅನ್ನೋದಕ್ಕೆ ಏನು ಸಾಕ್ಷಿ

ಉತ್ತರ ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಹೆಂಡತಿ ಹೇಳಿದ ಮೇಲೆ ಗೊತ್ತಾಯಿತು.

"ಆಫ್ರಿಕಾದಾಗಿಂದ ಯಾವನೋ ಕರ್ನಲ್ ಅಂತ ಬರದಿದ್ದ ನೋಡ್ರಿ. ನಿಮಗ ಏನೋ ಕೊಡ್ತಾನಂತ. ಮೋಸದ್ದು ಅಂತ ಅಳಿಸಿಬಿಟ್ಟೆ."

ಅಳಿಸಿದ್ದನ್ನು ಮತ್ತೆ ಹುಡುಕಿ ತೆಗೆದೆ. ನಿಜವಾದ ಕರ್ನಲ್. ಆ ದೇಶದ ಸೈನ್ಯದ ಗಾಡಿಗಳ ಉಸ್ತುವಾರಿ ಅವರದು. ಅವರು ಕೊಡುತ್ತೇನೆ ಅಂದಿದ್ದು ಆರ್ಡರು. ದೇಶದ ಉತ್ತರ ಗಡಿಯ ಚೌಕಿಗಳಿಗೆ ಅವರ ಲಾರಿಗಳು ನೀರು, ಅಕ್ಕಿ, ಔಷಧಿ ಒಯ್ಯಬೇಕು. ಚಳಿಗಾಲದಲ್ಲಿ ಮರುಭೂಮಿಯಿಂದ ಹರ್ಮಟಾನ್ ಅನ್ನೋ ಒಣಗಾಳಿ ಬೀಸುತ್ತದಂತೆ. ಅದು ತರುವ ಧೂಳಿಗೆ ಇಂಜಿನ್ನುಗಳು ಉಸಿರು ಕಟ್ಟಿ ನಿಲ್ಲುತ್ತವಂತೆ. ಗಾಳಿ ಶುರುವಾಗುವ ಮೊದಲು ಹೊಸ ಫಿಲ್ಟರು ಬೇಕು. ಇಲ್ಲದಿದ್ದರೆ ಗಡಿಯ ಸೈನಿಕರಿಗೆ ನೀರೂ ಇಲ್ಲ.

ಮಾಲೀಕರಿಗೆ ಹೇಳಿದೆ. ಅವರು ಹೇಳಿದ್ದು ಇಷ್ಟೇ: "ಅಂಕಲ್‌ಜೀ, ಈ ಆರ್ಡರು ಬಂದರೆ ನೀವೂ ಇರ್ತೀರಿ. ಹೋದರೆ ಆರ್ಡರೂ ನೀವೂ ಒಟ್ಟಿಗೇ ಹೋಗಿ."

ಕರ್ನಲ್‌ಗೆ ಫೋನು ಮಾಡಿ ಎದೆ ಉಬ್ಬಿಸಿ ಹೇಳಿದೆ: "ಸರ್, ಕ್ಯಾಲಿಫೋರ್ನಿಯಾದಲ್ಲಿ ಫಿಲ್ಟರ್ ಅಂದ್ರೆ ನಾನು, ನಾನು ಅಂದ್ರೆ ಫಿಲ್ಟರು."

ಆ ಕಡೆಯಿಂದ ಗಂಭೀರವಾದ ದನಿ: "ಮಿಸ್ಟರ್, ಇಂಟರ್‌ನೆಟ್ಟಿನಲ್ಲಿ ಮೋಸಗಾರರು ತುಂಬಾ ಇದ್ದಾರೆ. ನೀವು ನಿಜವಾಗಿ ಇದ್ದೀರಿ ಅನ್ನೋದಕ್ಕೆ ಏನು ಸಾಕ್ಷಿ? ಇವತ್ತಿನ ಪೇಪರು ಒಂದು ಕೈಯಲ್ಲಿ, ಫಿಲ್ಟರು ಇನ್ನೊಂದು ಕೈಯಲ್ಲಿ ಹಿಡಿದು ಫೋಟೋ ಕಳಿಸಿ."

ಕಳಿಸಲೇಬೇಕಲ್ಲ? ನಡುಮನೆಯ ಬಿಳಿ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತೆ. ಕುತ್ತಿಗೆ ಹತ್ತಿರ ಪೇಪರು, ತೊಡೆ ಮೇಲೆ ಬಕೆಟ್ಟಿನಷ್ಟು ದೊಡ್ಡ ಫಿಲ್ಟರು. ಎದುರಿಗೆ ಹೆಂಡತಿ, "ನಗಬ್ಯಾಡ್ರಿ! ಕೈ ಮ್ಯಾಲೆ! ಅಲ್ಲಾಡಬ್ಯಾಡ್ರಿ!" ಅಂತ ಕೂಗುತ್ತಿದ್ದಳು. ಕಿಟಕಿಯಿಂದ ಇದನ್ನು ನೋಡಿದ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಪೊಲೀಸಿಗೆ ಫೋನು ಹಚ್ಚಿದ್ದಾಳೆ.

ಬಂದ ಪೊಲೀಸಿನವನು ನನ್ನನ್ನು ಬೇರೆ ಕೋಣೆಗೆ ಕರೆದು, ಮೆಲ್ಲಗೆ ಕೇಳಿದ: "ಸರ್, ನಿಮ್ಮನ್ನ ಯಾರಾದರೂ ಇಲ್ಲಿ ಬಲವಂತವಾಗಿ ಇಟ್ಟುಕೊಂಡಿದ್ದಾರಾ?"

"ಮದುವೆಯಾದಾಗಿನಿಂದ" ಅಂದೆ.

ಅವನು ಪೆನ್ನು ಜೇಬಿಗಿಟ್ಟ. "ನನ್ನದೂ ಅದೇ ಕೇಸು ಸರ್" ಅಂದು ಹೊರಟುಹೋದ.

ಗ್ಯಾರೇಜಿನ ಸಮ್ಮೇಳನ

ನಾನು ಇದ್ದೇನೆ ಅಂತ ಕರ್ನಲ್ ಒಪ್ಪಿಕೊಂಡರು. ಇನ್ನು ಯಾವ ಗಾಡಿಗೆ ಯಾವ ಅಳತೆ ಅಂತ ಗೊತ್ತಾಗಬೇಕು. ವೀಡಿಯೋ ಕಾಲಿನಲ್ಲಿ ತಮ್ಮ ಗ್ಯಾರೇಜು ತೋರಿಸಿದರು. ಫ್ರಾನ್ಸಿನ ಹಳೇ ಲಾರಿ, ಅಮೆರಿಕದವರು ಕೊಟ್ಟ ಜೀಪು, ಚೀನಾದ ಟ್ಯಾಂಕರು, ನಮ್ಮ ದೇಶದ ಟ್ರಕ್ಕು, ಗುಂಡು ತಾಗದ ಉಕ್ಕಿನ ಗಾಡಿ ಇನ್ನೆಲ್ಲಿಯದೋ. ಎಲ್ಲವೂ ಸಾಲಾಗಿ ನಿಂತಿದ್ದವು.

"ನಮ್ಮ ಗ್ಯಾರೇಜು ಅಂದ್ರೆ ಅಂತರರಾಷ್ಟ್ರೀಯ ಸಮ್ಮೇಳನ" ಅಂದರು ಕರ್ನಲ್. "ಎಲ್ಲ ದೇಶದವರೂ ಬಂದು ಕೂತಿದ್ದಾರೆ. ಯಾರೂ ಮುಂದೆ ಹೋಗ್ತಿಲ್ಲ."

ಹಿಂದಿನ ಸಲ ನೀರಿನ ಟ್ಯಾಂಕರಿಗೆ ಕಾವಲಾಗಿ ಉಕ್ಕಿನ ಗಾಡಿಯನ್ನು ಕಳಿಸಿದ್ದರಂತೆ. ಅರ್ಧ ದಾರಿಗೇ ಧೂಳು ಕುಡಿದು ಅದು ಮಲಗಿತು. ಕೊನೆಗೆ ಟ್ಯಾಂಕರೇ ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂತು.

"ಶತ್ರುಗಳು ದಾರೀಲಿ ಸಿಗಲಿಲ್ವಾ ಸರ್?"

"ಸಿಕ್ಕಿದ್ದರು. ನಮ್ಮನ್ನ ನೋಡಿ ಇದೇನೋ ಹೊಸ ತಂತ್ರ ಅಂತ ಅನುಮಾನ ಬಂದು ಓಡಿಹೋದರು."

ಕೆಂಪು ಪುಡಿ, ಹಳದಿ ಪುಡಿ

ಮೊದಲು ಮಾದರಿಗೆ ಒಂದಷ್ಟು ಫಿಲ್ಟರು ವಿಮಾನದಲ್ಲಿ ಕಳಿಸಿ ಅಂದರು ಕರ್ನಲ್. ಡಬ್ಬಿ ಕಟ್ಟುವ ಕೆಲಸಕ್ಕೆ ಪ್ರತಿ ಶನಿವಾರ ನನ್ನ ಹೆಂಡತಿ ಗೋಡೌನಿಗೆ ಬರುತ್ತಾಳೆ. ಅದು ಆಯುಧಪೂಜೆಯ ವಾರ. ಸೈನ್ಯಕ್ಕೆ ಹೋಗುವ ಸಾಮಾನು ಪೂಜೆ ಇಲ್ಲದೆ ಹೇಗೆ ಕಳಿಸೋದು? ಒಂದೊಂದು ಫಿಲ್ಟರಿಗೂ ಅರಿಶಿನ, ಕುಂಕುಮ, ಮೇಲೆ ನಾಲ್ಕು ಅಕ್ಷತೆ. "ಜಾಸ್ತಿ ಹಚ್ಚು, ಯುದ್ಧಕ್ಕೆ ಹೋಗೋದು" ಅಂತ ಹೇಳಿದ್ದು ನಾನೇ.

ಮಂಗಳವಾರ ಕಾರ್ಗೋ ಆಫೀಸಿನಿಂದ ಫೋನು. ಹೋಗಿ ನೋಡಿದರೆ ನನ್ನ ಡಬ್ಬಿಗಳ ಸುತ್ತ ಹಳದಿ ಪಟ್ಟಿ ಕಟ್ಟಿದ್ದಾರೆ. ಅಂತರಿಕ್ಷಕ್ಕೆ ಹೊರಟವರ ಹಾಗೆ ಮೈತುಂಬ ಮುಚ್ಚಿಕೊಂಡ ಇಬ್ಬರು ಚಿಮುಟದಲ್ಲಿ ಅಕ್ಷತೆ ಕಾಳು ಎತ್ತುತ್ತಿದ್ದಾರೆ. ವಿದೇಶಿ ಸೈನ್ಯಕ್ಕೆ ಹೋಗುವ ಪೆಟ್ಟಿಗೆಯಲ್ಲಿ ಗುರುತಿಲ್ಲದ ಪುಡಿ!

ಅಧಿಕಾರಿ ಕೇಳಿದ: "ಈ ಪುಡಿ ಏನು ಮಾಡುತ್ತೆ?"

"ಗಾಡಿ ಕಾಪಾಡುತ್ತೆ."

"ಯಾವುದರಿಂದ?"

"ಕೆಟ್ಟ ದೃಷ್ಟಿಯಿಂದ."

"ಕೆಲಸ ಮಾಡುತ್ತೆ ಅನ್ನೋದಕ್ಕೆ ಪುರಾವೆ?"

ಕಿಟಕಿಯಾಚೆ ನಿಂತಿದ್ದ ನನ್ನ ಕಾರು ತೋರಿಸಿದೆ. ಪ್ರತಿ ವರ್ಷ ಪೂಜೆ ಮಾಡಿದ ಕಾರು. ಬಾಗಿಲೊಂದಕ್ಕೆ ಹಗ್ಗ, ಬಂಪರಿಗೆ ಟೇಪು. ಅಧಿಕಾರಿ ಬಹಳ ಹೊತ್ತು ನೋಡಿದ.

"ಅದು ಇಲ್ಲಿವರೆಗೆ ಓಡಿಕೊಂಡು ಬಂತಾ?"

"ಫ್ರೀವೇ ಮೇಲೆ."

"ಹಾಗಾದರೆ ನಂಬ್ತೀನಿ" ಅಂದ. ಆದರೂ ಡಬ್ಬಿ ಮಾತ್ರ ಬಿಡಲಿಲ್ಲ.

ಡ್ರೈವರ್ ಎಲ್ಲಿ

ಮಾದರಿ ತಲುಪಲಿಲ್ಲ. ಕರ್ನಲ್‌ಗೆ ನನ್ನ ಮೇಲಿನ ಅನುಮಾನ ಮತ್ತೆ ಚಿಗುರಿತು. ನನ್ನ ಗ್ರಹಚಾರಕ್ಕೆ ಅದೇ ತಿಂಗಳು ಅವರಿಗೆ ಇಲ್ಲೇ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಏನೋ ಮಿಲಿಟರಿ ತರಬೇತಿ. "ಭಾನುವಾರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇರ್ತೀನಿ. ಅಲ್ಲಿಂದ ಕರೆದುಕೊಂಡು ಹೋಗಿ. ಫಿಲ್ಟರನ್ನ ನನ್ನ ಕಣ್ಣಾರೆ ನೋಡಿದ ಮೇಲೇ ಆರ್ಡರಿನ ಮಾತು" ಅಂದರು. ಮಾಲೀಕರೂ ನನ್ನ ಕಣ್ಣೆದುರಿಗೇ, ಬೇರೆಯವರನ್ನು ಕೂರಿಸಲು ನನ್ನ ಕುರ್ಚಿಯ ಅಳತೆ ತೆಗೆದುಕೊಂಡರು.

ಭಾನುವಾರ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರೆ ಕರ್ನಲ್ ಪೂರ್ತಿ ಯೂನಿಫಾರ್ಮಿನಲ್ಲೇ ರಸ್ತೆ ಬದಿ ನಿಂತಿದ್ದರು. ಮನೆಗೆ ಊಟಕ್ಕೆ ಬನ್ನಿ ಅಂದಿದ್ದಕ್ಕೆ "ಇದು ಊಟ ಅಲ್ಲ, ತಪಾಸಣೆ" ಅಂದರು. ಅಷ್ಟರಲ್ಲಿ ನಮ್ಮ ಮುಂದೆ ಒಂದು ಕಾರು ಬಂದು ನಿಂತಿತು. ಹಿಂದೆ ಒಬ್ಬಾಕೆ ಕೂತಿದ್ದಳು, ಸ್ಟಿಯರಿಂಗು ತಾನಾಗಿ ತಿರುಗುತ್ತಿತ್ತು, ಡ್ರೈವರ್ ಸೀಟು ಖಾಲಿ. ಕರ್ನಲ್ ಬಗ್ಗಿ ಸೀಟಿನ ಕೆಳಗೆಲ್ಲ ನೋಡಿದರು. ಆ ಹೆಂಗಸಿಗೊಂದು ಸಲ್ಯೂಟು ಹೊಡೆದು ನನ್ನ ಕಡೆ ತಿರುಗಿದರು.

"ಮಿಸ್ಟರ್, ನಮ್ಮಲ್ಲಿ ಡ್ರೈವರ್ ಇದ್ದಾನೆ, ಗಾಡಿ ಹೋಗಲ್ಲ. ನಿಮ್ಮಲ್ಲಿ ಗಾಡಿ ಹೋಗುತ್ತೆ, ಡ್ರೈವರ್ ಇಲ್ಲ. ಇಂಥ ಊರಲ್ಲಿ ಒಬ್ಬ ಮನುಷ್ಯ ಇದ್ದಾನೆ ಅಂತ ಫೋಟೋ ನೋಡಿ ನಂಬಿದೆನಲ್ಲ!"

ಗ್ಯಾರೇಜಿನಲ್ಲಿ ಹರ್ಮಟಾನ್

ಮನೆಗೆ ಬಂದರು. ನನ್ನ ಗ್ಯಾರೇಜಿನಲ್ಲಿ ಫಿಲ್ಟರು ಸಿದ್ಧವಾಗಿತ್ತು. ಮುಟ್ಟಿ ನೋಡಿದರು, ಮೂಸಿ ನೋಡಿದರು. "ನಮ್ಮ ಉತ್ತರದ ಧೂಳು ಪೌಡರಿನ ಹಾಗೆ. ಇದು ತಡೆಯುತ್ತೆ ಅಂತ ತೋರಿಸಿ."

"ಈಗಲೇ ತೋರಿಸ್ತೀನಿ. ಧೂಳು ಎಷ್ಟು ಬೇಕು ಹೇಳಿ!"

ಹೇಳಿಬಿಟ್ಟೆ. ಆದರೆ ಫ್ರೀಮಾಂಟಿನಲ್ಲಿ ಧೂಳೆಲ್ಲಿದೆ? ಅಂಗಳದಲ್ಲಿ ಹುಲ್ಲು, ಬೀದಿಯಲ್ಲಿ ಕಾಂಕ್ರೀಟು. ಅಡುಗೆಮನೆಗೆ ನುಗ್ಗಿ ಜೋಳದ ಹಿಟ್ಟಿನ ಚೀಲ ಎತ್ತಿಕೊಂಡೆ.

"ಅಯ್ಯ, ರೊಟ್ಟಿ ಹಿಟ್ಟು ಅದು! ಎಲ್ಲಿಗೆ ಒಯ್ತೀರಿ?"

"ಯುದ್ಧಕ್ಕೆ."

ಒಂದು ದಪ್ಪ ಪೈಪು, ಅದರ ಒಂದು ತುದಿಗೆ ಎಲೆ ಊದುವ ಬ್ಲೋವರು, ಇನ್ನೊಂದು ತುದಿಗೆ ಫಿಲ್ಟರು. ಒಳಗೆ ಹಿಟ್ಟು ಸುರಿದೆ. ನಾನು ಹೋಗಿ ಫಿಲ್ಟರಿನ ಆಚೆ ಬದಿಗೆ ನಿಂತೆ, ಮಗಳ ಮದುವೆಗೆ ಹೊಲಿಸಿದ ಕಪ್ಪು ಸೂಟಿನಲ್ಲಿ.

"ಒಂದೇ ಒಂದು ಕಣ ಈ ಕೋಟಿನ ಮೇಲೆ ಬಿದ್ದರೆ, ಆರ್ಡರೇ ಬೇಡ ಸರ್! ಒತ್ತಿ ಬಟನ್ನು!"

ಕರ್ನಲ್ ಒತ್ತಿದರು.

ಮೊದಲು ಏನೂ ಕಾಣಿಸಲಿಲ್ಲ. ಆಮೇಲೂ ಏನೂ ಕಾಣಿಸಲಿಲ್ಲ, ಯಾಕೆಂದರೆ ಕಣ್ಣಲ್ಲಿ ಹಿಟ್ಟು. ಮೀಸೆಯಲ್ಲಿ ಹಿಟ್ಟು, ಕಿವಿಯಲ್ಲಿ ಹಿಟ್ಟು. ಬ್ಲೋವರು ನಿಂತಾಗ ಕಪ್ಪು ಉಳಿದದ್ದು ನನ್ನ ಬೂಟು ಮಾತ್ರ. ನನ್ನ ಕೆಲಸ, ಆರ್ಡರು, ಗಡಿಯ ನೀರು, ಎಲ್ಲವೂ ಗ್ಯಾರೇಜಿನ ನೆಲದ ಮೇಲೆ ಚೆಲ್ಲಿತ್ತು. ಕರ್ನಲ್ ಟೊಪ್ಪಿಗೆ ಹಾಕಿಕೊಂಡು ಹೊರಡಲು ತಿರುಗಿದರು.

"ಒಂದ್ ನಿಮಿಷ ನಿಂದರ್ರಿ ಸರ್" ಅಂದಳು ನನ್ನ ಹೆಂಡತಿ. ಆಮೇಲೆ ತನ್ನ ಇಂಗ್ಲಿಷಿನಲ್ಲಿ ವಿವರಿಸಿದಳು: "ಫಿಲ್ಟರ್ ತಪ್ಪಿಲ್ಲ ಸರ್, ತಪ್ಪು ಇವರದು. ಅಂಚಿನ ಸಂದಿ ಮುಚ್ಚೋ ರಬ್ಬರ್ ಬಳೆ ಹಾಕಿಲ್ಲ. ಇನ್ನೊಂದು ಮಾತು. ಗೋಡೌನಿನ ಮೂಲೆಯ ಡಬ್ಬಿಗಳಿಗೆ ನೀರು ತಾಗಿದೆ. ಅವನ್ನ ತಗೋಬೇಡಿ. ಉಳಿದವು ಚೆನ್ನಾಗಿವೆ."

ನಾನು ಹಿಟ್ಟಿನೊಳಗಿಂದಲೇ ಕಣ್ಣು ಬಿಟ್ಟು, ಅದನ್ನೆಲ್ಲ ಹೇಳಬೇಡ ಅಂತ ಸನ್ನೆ ಮಾಡಿದೆ. ಅವಳು ನೋಡಲಿಲ್ಲ. ರಬ್ಬರ್ ಬಳೆ ಕೂರಿಸಿ, ಉಳಿದ ಹಿಟ್ಟು ಸುರಿದು, ಬ್ಲೋವರು ಹಿಡಿದಳು.

ಕರ್ನಲ್ ಅವಳನ್ನೇ ನೋಡುತ್ತ ನಿಂತರು. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ, ಇಸ್ತ್ರಿ ಮಾಡಿದ ಆ ಯೂನಿಫಾರ್ಮಿನಲ್ಲೇ ಫಿಲ್ಟರಿನ ಎದುರು ಎದೆ ಕೊಟ್ಟು ನಿಂತರು. "ಮೇಡಂ, ಫೈರ್!"

ಒಂದು ಕಣವೂ ಬೀಳಲಿಲ್ಲ.

ರಾತ್ರಿ ಊಟಕ್ಕೆ ಅನ್ನ ಮಾಡಬೇಕಾಯಿತು, ರೊಟ್ಟಿಗೆ ಹಿಟ್ಟಿರಲಿಲ್ಲ. ಆರ್ಡರು ಮಾತ್ರ ಸಿಕ್ಕಿತು, ನನ್ನ ಕೆಲಸವೂ ಉಳಿಯಿತು. ಕರ್ನಲ್ ಹಾಕಿದ್ದು ಒಂದೇ ಷರತ್ತು: "ಫಿಲ್ಟರಿನ ಮೇಲೆ ನಂಬಿಕೆ ಬಂತು. ಈ ಮನುಷ್ಯನ ಮೇಲೆ ಇನ್ನೂ ಬಂದಿಲ್ಲ. ಇನ್ನು ಮುಂದೆ ನಮ್ಮ ಸೈನ್ಯ ವ್ಯವಹರಿಸೋದು ಮೇಡಂ ಜೊತೆ."

ಕಳೆದ ವಾರ ಅವರ ಇಮೇಲು ಬಂತು, ಮೇಡಂ ಹೆಸರಿಗೆ. ಗಾಳಿ ಜೋರಾಗಿದೆಯಂತೆ, ಆದರೂ ಲಾರಿಗಳೆಲ್ಲ ಗಡಿ ಮುಟ್ಟಿದವಂತೆ, ದಾರಿಯಲ್ಲಿ ಒಂದೂ ನಿಲ್ಲಲಿಲ್ಲವಂತೆ. ಕೊನೆಗೆ ಒಂದು ಸಾಲು: "ಆ ಮನುಷ್ಯ ಇನ್ನೂ ನಿಮ್ಮ ಕಂಪನಿಯಲ್ಲೇ ಇದ್ದಾರಾ?"

ಹೆಂಡತಿ ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಆಮೇಲೆ ಟೈಪು ಮಾಡಿದಳು:

"ಇದ್ದಾರೆ ಸರ್. ಮಾತಾಡೋ ಕೆಲಸಕ್ಕೆ ಹಾಕಿಲ್ಲ."